ನೋಡು, ತೂಗು, ಮಾಡು

ರ್ಯೂ ದೇ ಕಾರ್ಮ್
ಭಾನುವಾರ, 24 ನವೆಂಬರ್ 1968

ಪ್ರೀತಿಯ ಬ್ಲಾಂದಿನ್,

ನಿನ್ನ ಎರಡೂ ಕಾಗದ ಬಂದು ತಲುಪಿದವು. ಉತ್ತರ ತಡವಾಯಿತು, ಕ್ಷಮಿಸು. ಮೊದಲನೆಯದಕ್ಕೆ ಬರೆಯದೆ ಇದ್ದದ್ದು ಕ್ವಿನ್ಸ್ ಹಣ್ಣಿನ ದೆಸೆಯಿಂದ. ಈ ವರ್ಷ ಹಿತ್ತಲ ಮರ ಹುಚ್ಚು ಹಿಡಿದಂತೆ ಬಿಟ್ಟಿತ್ತು. ಹೆಚ್ಚಿ, ಬೇಯಿಸಿ, ಬಟ್ಟೆಯಲ್ಲಿ ಸೋಸಿ ಜೆಲ್ಲಿ ಮಾಡಿ ಮುಗಿಸುವಷ್ಟರಲ್ಲಿ ಬೆರಳೆಲ್ಲ ಕಪ್ಪಾಗಿ ಪೆನ್ನು ಹಿಡಿಯಲು ಮನಸ್ಸಾಗಲಿಲ್ಲ. ಎರಡನೆಯದಕ್ಕೆ ಬರೆಯದೆ ಇದ್ದದ್ದು ಕೋಪದ ದೆಸೆಯಿಂದ. ಬರೆದೆ, ಒಲೆಗೆ ಹಾಕಿದೆ. ಮತ್ತೆ ಬರೆದೆ, ಮತ್ತೆ ಹಾಕಿದೆ. ಈಗ ಕೋಪ ಇಳಿದಿದೆ ಎಂದುಕೊಳ್ಳಬೇಡ. ಒಳ್ಳೆಯ ಕಾಗದ ಮುಗಿಯುತ್ತಾ ಬಂದಿದೆ, ಅಷ್ಟೆ.

ಕೆಮ್ಮು ಹೇಗಿದೆ? ಇಡೀ ದೇಶದ ಕ್ಯಾಥೊಲಿಕ್ ವಿದ್ಯಾರ್ಥಿಗಳನ್ನು ತಿದ್ದಲು ಪ್ಯಾರಿಸ್ಸಿನ ಕೇಂದ್ರ ಕಚೇರಿಯಲ್ಲಿ ಕೂತಿರುವವಳಿಗೆ ಉಣ್ಣೆಯ ಕಾಲುಚೀಲ ಹಾಕಿಕೋ ಎಂದು ಹೇಳಲು ನನಗೀಗ ಸಂಕೋಚ. ಆದರೂ ಹೇಳುತ್ತೇನೆ, ಹಾಕಿಕೋ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಇಷ್ಟು ಚೆನ್ನಾಗಿ ಅವರು ಯಾವತ್ತೂ ಇರಲಿಲ್ಲ. ನಿನಗೆ ನೆನಪಿದೆಯಲ್ಲ, ಮೇ ತಿಂಗಳ ಮೊದಲ ವಾರ ವಿದ್ಯಾರ್ಥಿಗಳು ಬೀದಿಗಿಳಿದಾಗ ಕಿಟಕಿಯ ಪರದೆ ಎಳೆದುಕೊಂಡು ಕೂತು "ಕಾಡುಜನ, ಕಾಡುಜನ" ಎಂದು ಗೊಣಗುತ್ತಿದ್ದರು. ಆಮೇಲೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಗೊತ್ತಾಯಿತು, ಟೈ ಬಿಚ್ಚಿದರು. ಬಿಸಾಡಲಿಲ್ಲ, ಗಮನಿಸು. ಬೀರುವಿನಲ್ಲಿ ಸಾಲಾಗಿ ನೇತುಹಾಕಿದ್ದಾರೆ, ನಾಳೆ ಕಾಲ ತಿರುಗಿದರೆ ಬೇಕಾಗುತ್ತದೆ ಎಂದು. ಈಗ ಮೇಷ್ಟ್ರು, ವಿದ್ಯಾರ್ಥಿಗಳು ಸರಿಸಮ ಕೂರುವ ಸುಧಾರಣಾ ಸಮಿತಿಯಲ್ಲಿ ಅವರದೇ ದೊಡ್ಡ ಗಂಟಲು. ಹೊಸ ಕಾನೂನು ಬಂದಿದೆ, ವಿಶ್ವವಿದ್ಯಾಲಯದ ಮಂಡಳಿಗೆ ಚುನಾವಣೆ ನಡೆಯುತ್ತದಂತೆ, ನಿಂತುಕೊಳ್ಳುತ್ತಾರಂತೆ. ಹುಡುಗರು ಅವರನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಾರೆ. ಕರೆದಾಗ ಅವರ ಮುಖ ಹಬ್ಬದ ಹಾಗೆ ಅರಳುತ್ತದೆ. ನಾನು ಮದುವೆಯಾದ ಮೇಲೂ ಬಹಳ ಕಾಲ ಅವರಿಗೆ "ನೀವು" ಎನ್ನುತ್ತಿದ್ದೆ.

ಮೊನ್ನೆ ಊಟಕ್ಕೆ ಕೂತಾಗ ಹೇಳಿದರು, "ಸೊಲಾಂಜ್, ಉಪನ್ಯಾಸ ಅನ್ನೋದೇ ಒಂದು ದಬ್ಬಾಳಿಕೆ. ಒಬ್ಬ ಮಾತಾಡ್ತಾ ಇರೋದು, ಉಳಿದವರು ಬಾಯಿ ಮುಚ್ಕೊಂಡು ಕೇಳೋದು. ಇದನ್ನ ಕಿತ್ತು ಹಾಕ್ಬೇಕು." ಯಾಕೆ ಕಿತ್ತು ಹಾಕಬೇಕೆಂದು ಸೂಪು ಆರಿ ತಣ್ಣಗಾಗುವ ತನಕ ವಿವರಿಸಿದರು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.

ಮೇ ತಿಂಗಳ ಇನ್ನೊಂದು ದಿನವೂ ನನಗೆ ಚೆನ್ನಾಗಿ ನೆನಪಿದೆ. ನೀನು, ನಿನ್ನ ಗೆಳೆಯರು ನಮ್ಮ ಊಟದ ಮೇಜಿನ ಸುತ್ತ ಕೂತು, ಚರಿತ್ರೆಯಲ್ಲೇ ಮೊದಲ ಸಲ ಮೇಷ್ಟ್ರೂ ವಿದ್ಯಾರ್ಥಿಗಳೂ ಒಟ್ಟಾಗಿ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದಾರೆ ಎಂದು ಕೂಗಾಡುತ್ತಿದ್ದಿರಿ. ನಿಮ್ಮಪ್ಪನೂ ಹೌದೌದು ಎಂದು ತಲೆಯಾಡಿಸುತ್ತಿದ್ದರು, ಚರಿತ್ರೆಯ ಪ್ರಾಧ್ಯಾಪಕರು. ನಾನು ಒಲೆಯ ಪಕ್ಕ ಈರುಳ್ಳಿ ಹೆಚ್ಚುತ್ತಿದ್ದೆ, ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತೀ ಎಂದು ಯಾರೂ ಕೇಳಲಿಲ್ಲ.

ಇರಲಿ. ನೀನು ಎರಡನೆಯ ಕಾಗದದಲ್ಲಿ ಕೇಳಿದ್ದೀಯ, ನಿಮ್ಮ ಕ್ಯಾಥೊಲಿಕ್ ವಿದ್ಯಾರ್ಥಿ ಕೂಟದವರು ಮನೆಗೆ ಬಂದಿದ್ದರಲ್ಲ, "ಭೇಟಿ ಫಲ ಕೊಟ್ಟಿತೇ" ಎಂದು. ಕೊಟ್ಟಿತು. ಒಂದು ಇಡೀ ಸೇಬಿನ ತಾರ್ತ್ ಖಾಲಿಯಾಯಿತು.

ಸಕಲ ಸಂತರ ಹಬ್ಬವಾದ ಮರುವಾರ, ಒಂದು ಮಧ್ಯಾಹ್ನ. ಬಾಗಿಲು ತೆರೆದರೆ ಮೂವರು. ಮುಂದೆ ಆ ಔಷಧಿ ಅಂಗಡಿಯವರ ಮಗಳು ಸಬೀನ್, ಕಾರ್ಖಾನೆ ಕೆಲಸಗಾರರ ನೀಲಿ ಜಾಕೆಟ್ಟಿನಲ್ಲಿ, ಅವಳಮ್ಮನ ಸೆಂಟು ಹಾಕಿಕೊಂಡು. ಅವಳ ಹಿಂದೆ ಕಾನೂನು ಓದುವ ಜೆರ್ವೇ. ಗಡ್ಡ ಬಿಟ್ಟಿದ್ದಾನೆ, ಗಡ್ಡ ಇನ್ನೂ ಒಪ್ಪಿಕೊಂಡ ಹಾಗಿಲ್ಲ. ಕೊನೆಗೆ ಬೆರ್ತ್ರಾಂ ಎಂಬ ಎತ್ತರದವನು, ಎಲ್ಲೋ ಹಳ್ಳಿ ಕಡೆಯವನು, ಕೈ ಎಲ್ಲಿಡಬೇಕೆಂದು ಗೊತ್ತಿಲ್ಲದೆ ನಿಂತಿದ್ದ.

"ಸೊಲಾಂಜ್, ನಿನ್ನನ್ನ ನೋಡೋಕೆ ಬಂದ್ವಿ," ಎಂದಳು ಸಬೀನ್.

"ನಿಮ್ಮಪ್ಪನ ಅಂಗಡೀಲಿ ನಾನು ಔಷಧಿ ತಗೊಳ್ಳೋವಾಗ ನೀನು ಮೂಗು ಸುರಿಸ್ಕೊಂಡು ನಿಂತಿರ್ತಿದ್ದೆ," ಎಂದೆ. "ಆಗ ಮೇಡಂ ಅಂತಿದ್ದೆ. ಕಾಲು ಒರೆಸ್ಕೊಂಡು ಒಳಗೆ ಬಾ."

ಕೂತರು. ತಾರ್ತ್ ಕೊಟ್ಟೆ. ಜೆರ್ವೇ ಗಂಟಲು ಸರಿಮಾಡಿಕೊಂಡು, "ನಾವು ಒಂದು ಸಂಗತಿ ವಿಷಯವಾಗಿ ಬಂದಿದ್ದೀವಿ," ಎಂದ.

"ಯಾರ ಸಂಗತಿ?"

ಮುಖಮುಖ ನೋಡಿಕೊಂಡರು. ಬೆರ್ತ್ರಾಂ ಬಾಯಿತುಂಬ ತಾರ್ತ್ ಇಟ್ಟುಕೊಂಡೇ, "ನಿಮ್ದೇ, ಮೇಡಂ," ಎಂದ.

ನಿಮ್ಮ ಕೂಟದ ರೀತಿನೀತಿ ನನಗೆ ಗೊತ್ತಿಲ್ಲವೆಂದು ತಿಳಿದಿದ್ದೀಯಾ, ಮಗಳೇ? ನೀನು ಹುಟ್ಟುವ ಮೊದಲೇ ಅದರಲ್ಲಿ ಮುಳುಗಿ ಎದ್ದವಳು ನಾನು. ವಾರಕ್ಕೊಮ್ಮೆ ಪಾದ್ರಿಯ ಜೊತೆ ಸುತ್ತ ಕೂರುವುದು. ಯಾರಾದರೊಬ್ಬರು ತಾವು ಕಂಡ ಬದುಕಿನಿಂದ ಒಂದು ಸಂಗತಿ ತಂದು ಎಲ್ಲರ ನಡುವೆ ಇಡುವುದು. ಮೊದಲು ಅದನ್ನು ನೋಡು. ಆಮೇಲೆ ಶುಭಸಂದೇಶದ ತಕ್ಕಡಿಯಲ್ಲಿ ತೂಗು. ಕೊನೆಗೆ ಎದ್ದು ಹೋಗಿ ಏನಾದರೂ ಮಾಡು. ಬಾಡಿಗೆ ಕೋಣೆಯ ಚಳಿ, ಕ್ಯಾಂಟೀನಿನ ಅಡುಗೆಯವಳ ಬೆನ್ನುನೋವು, ಇಂಥ ಸಂಗತಿ ತರುತ್ತಿದ್ದೆವು ನಾವು. ನೀನು ಅಮ್ಮನನ್ನು ಹೊತ್ತುಕೊಂಡು ಹೋದೆ.

ಸಬೀನ್ ವಿವರಿಸಿದಳು, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ. "ಬ್ಲಾಂದಿನ್ ಪ್ಯಾರಿಸ್‌ಗೆ ಹೊರಡೋ ಮುಂಚೆ ಕೊನೇ ಕೂಟದಲ್ಲಿ ನಿನ್ನ ಸಂಗತಿ ತಂದ್ಲು. ಹನ್ನೊಂದು ಜನ ಇದ್ವಿ. ನೋಡಿದ್ವಿ, ತೂಗಿದ್ವಿ. ಆದ್ರೆ ರಜೆ ಬಂದ್ಬಿಡ್ತು. ಈಗ ಮಾಡೋಕೆ ಬಂದಿದ್ದೀವಿ."

"ಏನು ಮಾಡೋಕೆ?"

"ನಿನ್ನ ಬಿಡುಗಡೆ."

"ಅದಕ್ಕೆಷ್ಟು ಹೊತ್ತು ಬೇಕಾಗುತ್ತೆ? ಒಲೆ ಮೇಲೆ ಮೊಲದ ಸಾರಿದೆ."

ಬೆರ್ತ್ರಾಂ ನಕ್ಕ. ಸಬೀನ್ ಅವನನ್ನು ಕಣ್ಣಲ್ಲೇ ಗದರಿಸಿ ಮುಂದುವರಿಸಿದಳು. ಈ ವಿಶ್ವವಿದ್ಯಾಲಯ ನನ್ನ ದುಡಿಮೆಯನ್ನು ಕದ್ದಿದೆಯಂತೆ. ನನ್ನ ಸಂಶೋಧನೆ ಬಿಡಿಸಿ ಗಂಡನ ಡಾಕ್ಟರೇಟ್ ಪ್ರಬಂಧವನ್ನು ಪೂರ್ತಿ ನನ್ನ ಕೈಯಲ್ಲಿ ಟೈಪು ಮಾಡಿಸಿದರಂತೆ. ಮುನ್ನುಡಿಯಲ್ಲಿ ಗ್ರಂಥಾಲಯದ ಜವಾನನಿಗೂ ಹೆಸರಿದೆ, ನನಗೆ ಮಾತ್ರ "ನನ್ನ ಪತ್ನಿಯ ತಾಳ್ಮೆಗೆ" ಎಂಬ ಒಂದು ಸಾಲಂತೆ. ಎಲ್ಲ ಸರಿಯೇ. ನನ್ನ ಮನೆಯಲ್ಲಿ ಕೂತು ನನ್ನ ಬದುಕನ್ನೇ ನನಗೆ ಓದಿ ಹೇಳಿದಳು, ಒಂದು ತಪ್ಪೂ ಇಲ್ಲದೆ.

ಆಮೇಲೆ ಹೇಳಿದಳು, "ಆ ತುಪ್ಪಳದ ಕೋಟಿನ ವಿಷಯ ಬಂದಾಗ ಮಾತ್ರ ನಮಗೆಲ್ಲ ಕಣ್ಣೀರು ಬಂತು. ನಮ್ಮ ಕೂಟದ ಫಾದರ್ ಮಾರ್ಸಿಯಾಲ್ ಅಂತೂ ಗಿಟಾರ್ ಕೆಳಗಿಟ್ಬಿಟ್ರು."

ಬ್ಲಾಂದಿನ್, ತಾರ್ತಿನ ಇನ್ನೊಂದು ತುಂಡು ಕತ್ತರಿಸುತ್ತಿದ್ದ ನಾನು ಚಾಕು ಕೆಳಗಿಟ್ಟೆ.

ಆ ಮಾತು ನಾನು ನಿನಗೆ ಎಲ್ಲಿ ಹೇಳಿದ್ದೆ, ನೆನಪಿದೆಯಾ? ನೀನು ಮೊದಲ ಪರೀಕ್ಷೆಯಲ್ಲಿ ಫೇಲಾಗಿ ಅನ್ನನೀರು ಬಿಟ್ಟು ಕೂತಿದ್ದಾಗ, ನದಿಯ ಪಕ್ಕ, ಹಳೆಯ ಬಟ್ಟೆ ಒಗೆಯುವ ಕಟ್ಟೆಯ ಹಿಂದಿನ ಬೆಂಚಿನಲ್ಲಿ. ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ನನಗೂ ಒಂದು ಪ್ರಬಂಧವಿತ್ತು ಮಗಳೇ, ಅರ್ಧಕ್ಕೆ ನಿಂತಿತು ಎಂದೆ. ನಿಮ್ಮಪ್ಪನ ಪ್ರಬಂಧ ಮಂಡನೆಯ ದಿನ ಸಭಾಂಗಣದಲ್ಲಿ ಜಾಗ ಸಾಲದೆ, ಬಂದವರ ಕೋಟು ಹಿಡಿದುಕೊಂಡು ಹೊರಗಿನ ಕೋಣೆಯಲ್ಲಿ ನಿಂತಿದ್ದೆ. ಒಳಗೆ ಚಪ್ಪಾಳೆ ಕೇಳಿದಾಗ ಯಾವಳದೋ ತುಪ್ಪಳದ ಕೋಟಿನಲ್ಲಿ ಮುಖ ಹುದುಗಿಸಿ ಅತ್ತೆ. ಅದನ್ನು ನಾನು ಪಾಪನಿವೇದನೆಯಲ್ಲಿ ಪಾದ್ರಿಗೂ ಹೇಳಿರಲಿಲ್ಲ. ನೀನು ಅಳು ನಿಲ್ಲಿಸಲಿ ಎಂದು ನಿನಗೆ ಹೇಳಿದೆ. ನೀನು ಅದನ್ನು ಹನ್ನೊಂದು ಜನರ ನಡುವೆ ಬಿಚ್ಚಿಟ್ಟೆ, ಅವರ ಕೆನ್ನೆ ಒದ್ದೆಯಾಯಿತು, ಎಲ್ಲರಿಗೂ ಬಹಳ ಒಳ್ಳೆಯವರಾದ ಹಾಗೆ ಅನ್ನಿಸಿರಬೇಕು.

ಇದಕ್ಕೆ ನನಗೆ ಒಂದೇ ಒಂದು ಉತ್ತರ ಬೇಕು. ಇನ್ನು ಮುಂದೆ ನಿನ್ನ ಹತ್ತಿರ ಮಾತಾಡುವಾಗಲೆಲ್ಲ ಇಡೀ ಕೂಟದ ಮುಂದೆ ಮಾತಾಡುತ್ತಿದ್ದೇನೆ ಎಂದುಕೊಂಡೇ ಬಾಯಿ ತೆರೆಯಬೇಕಾ? ಹಾಗಿದ್ದರೆ ಹೇಳಿಬಿಡು. ಜೆಲ್ಲಿ, ಕೆಮ್ಮು, ಕಾಲುಚೀಲ, ಇಷ್ಟೇ ಬರೆಯುತ್ತೇನೆ. ನಿನ್ನಮ್ಮನಾಗಿರಲು ಅಷ್ಟೂ ಸಾಕು ಅನ್ನುವವರಿದ್ದಾರೆ.

ಅಷ್ಟರಲ್ಲಿ ನಿಮ್ಮಪ್ಪ ಬಂದರು, ಯಾವುದೋ ಸಭೆ ಮುಗಿಸಿಕೊಂಡು, ಅಂಗಿಯ ಗುಂಡಿ ಬಿಚ್ಚಿಕೊಂಡು.

"ಬಾ ಎದ್ಮೊಂ," ಎಂದಳು ಸಬೀನ್, ಅವಳ ಮನೆಯೇನೋ ಎಂಬಂತೆ. "ನಿನ್ನ ಹೆಂಡತಿ ವಿಷಯಾನೇ ಮಾತಾಡ್ತಿದ್ವಿ. ವಿಶ್ವವಿದ್ಯಾಲಯ ಇವಳಿಗೆ ಅನ್ಯಾಯ ಮಾಡಿದೆ."

"ಒಳ್ಳೇದಾಯ್ತು, ಒಳ್ಳೇದಾಯ್ತು. ಸುಧಾರಣೆ ಮನೆಯಿಂದಲೇ ಶುರುವಾಗ್ಬೇಕು," ಎಂದು ಕುರ್ಚಿ ಎಳೆದುಕೊಂಡರು. "ಸೊಲಾಂಜ್, ಕಾಫಿ ಇದ್ಯಾ?"

ಕಾಫಿ ಹಾಕಿದೆ. ಜೆರ್ವೇ ಧೈರ್ಯ ಮಾಡಿ, "ಅವರ ಪ್ರಬಂಧ ಬಿಡಿಸಿದ್ದರ ಬಗ್ಗೆ..." ಎಂದು ಶುರುಮಾಡಿದ.

"ಬಿಡಿಸೋದಾ?" ನಿಮ್ಮಪ್ಪನ ಹುಬ್ಬು ಮೇಲೆ ಹೋಯಿತು. "ಅದನ್ನ ನೀನೇ ಬಿಟ್ಟಿದ್ದಲ್ವಾ, ಸೊಲಾಂಜ್? ಮಗು ಆದ್ಮೇಲೆ?"

ನೀನು ಹುಟ್ಟಿದ್ದು ನಾನು ಅದನ್ನು ಬಿಟ್ಟ ಮರುವರ್ಷ. ನಾನು ಅವರ ಲೋಟಕ್ಕೆ ಸಕ್ಕರೆ ಹಾಕಿ ಕಲಕಿದೆ. ಅಂಥ ಮನುಷ್ಯನ ಜೊತೆ ವಾದ ಮಾಡಿ ಗೆದ್ದರೂ ಏನು ಸಿಗುತ್ತದೆ ಹೇಳು.

ಆ ಮೂವರನ್ನು ನೋಡುತ್ತಾ ನನಗೆ ನೆನಪಾದದ್ದು ಇನ್ನೊಂದು ಕೋಣೆ. ಇದನ್ನು ನಾನು ನಿನಗೆ ಹೇಳಿಲ್ಲ. ಈಗ ಹೇಳುತ್ತೇನೆ, ಬೇಕಿದ್ದರೆ ಇದನ್ನೂ ಹೊತ್ತುಕೊಂಡು ಹೋಗು. 1946ರ ಚಳಿಗಾಲ. ಯುದ್ಧ ಮುಗಿದಿತ್ತು, ಕಲ್ಲಿದ್ದಲು ಇರಲಿಲ್ಲ, ಚರ್ಚಿನ ಹಿಂದಿನ ಕೋಣೆಯಲ್ಲಿ ಕೋಟು ಹಾಕಿಕೊಂಡೇ ಕೂರುತ್ತಿದ್ದೆವು. ನಾವೂ ವಿಶ್ವವಿದ್ಯಾಲಯವನ್ನು ಬುಡದಿಂದ ಹೊಸದಾಗಿ ಕಟ್ಟುವವರಿದ್ದೆವು. ವಿದ್ಯಾರ್ಥಿಯೂ ಒಬ್ಬ ದುಡಿಮೆಗಾರ, ಅವನಿಗೂ ಹಕ್ಕಿದೆ ಎಂದು ಗಂಡಸರು ಘೋಷಣೆ ಬರೆಯುತ್ತಿದ್ದರು. ಆ ದುಡಿಮೆಗಾರರಿಗೆ ಚಿಕೋರಿ ಕಾಫಿ ಕಾಯಿಸಿಕೊಡುತ್ತಿದ್ದವರು ನಾವು ಹುಡುಗಿಯರು. ನಮಗೆ ಆಗಷ್ಟೇ ಮದುವೆಯಾಗಿತ್ತು. ಒಂದು ವಾರ ನಿಮ್ಮಪ್ಪ ಒಂದು ಸಂಗತಿ ತಂದು ನಡುವೆ ಇಟ್ಟರು. ಒಂದೇ ಕೋಣೆಯ ಮನೆ, ಒಂದೇ ಒಲೆ, ಒಂದೇ ಮೇಜು, ಎರಡು ಪ್ರಬಂಧ.

ನೋಡಿದರು. ತೂಗಿದರು. ಆಗಿನ ಪಾದ್ರಿ ಕಪ್ಪು ನಿಲುವಂಗಿಯವರು, ಗಿಟಾರ್ ಪಿಟಾರ್ ಏನೂ ಇಲ್ಲ, ನನ್ನ ಕಡೆ ತಿರುಗಿ ತುಂಬ ಮೃದುವಾಗಿ ಹೇಳಿದರು, "ಸೊಲಾಂಜ್, ವಿಶ್ವವಿದ್ಯಾಲಯಕ್ಕೆ ಈಗ ಕ್ರೈಸ್ತ ಪ್ರಾಧ್ಯಾಪಕರು ಬೇಕಾಗಿದ್ದಾರಮ್ಮ. ಎದ್ಮೊಂಗೆ ದೇವರ ಕರೆ ಇದೆ. ಆ ಕರೆಗೆ ಕೈ ಜೋಡಿಸೋದೇ ನಿನ್ನ ಕರೆ." ಎಲ್ಲರೂ ತಲೆಯಾಡಿಸಿದರು. ಯಾರೋ ಸ್ತುತಿಗೀತೆ ಎತ್ತಿಕೊಂಡರು, ನಾನೂ ಹಾಡಿದೆ. ಮಾಡುವುದಕ್ಕೆ ತಡವಾಗಲಿಲ್ಲ. ಮನೆಗೆ ಹೋದ ಕೂಡಲೇ ಮೇಜಿನ ಮೇಲಿದ್ದ ನನ್ನ ಕಾಗದಗಳನ್ನು ಎತ್ತಿ ಮಂಚದ ಕೆಳಗೆ ತಳ್ಳಿದೆ.

ಹಾಗಾಗಿ ನಿನ್ನ ಗೆಳೆಯರ ಉಪಕಾರ ನನಗೆ ಹೊಸದೇನಲ್ಲ. ಆಗ ನಿಮ್ಮ ಚಳವಳಿ ನನ್ನನ್ನು ಪುಸ್ತಕದಿಂದ ಎಬ್ಬಿಸಿ ಅಡುಗೆಮನೆಗೆ ಕಳಿಸಿತು. ಈಗ ಅಡುಗೆಮನೆಯಿಂದ ಎಬ್ಬಿಸಿ ಪುಸ್ತಕಕ್ಕೆ ಕಳಿಸಲು ಬಂದಿದೆ. ಎರಡು ಸಲವೂ ದೇವರೇ ಹೇಳಿದ್ದಂತೆ. ದೇವರಿಗೆ ಒಂದು ಮನಸ್ಸೆಂಬುದಿಲ್ಲವೋ ಏನೋ, ನಿಮ್ಮ ಪಾದ್ರಿಯನ್ನೇ ಕೇಳು. ಒಂದು ವ್ಯತ್ಯಾಸವಂತೂ ಇದೆ. ಆಗ ನನ್ನನ್ನು ತೂಗಿದಾಗ ನಾನು ಆ ಕೋಣೆಯಲ್ಲಿ ಕೂತಿದ್ದೆ. ನೀನು ತೂಗಿದಾಗ ನಾನು ಇಲ್ಲಿ ನಿನ್ನ ಪ್ರಯಾಣಕ್ಕೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ.

ಕೊನೆಗೆ ಸಬೀನ್ ಬಿಡುಗಡೆಯ ಕಟ್ಟಳೆ ಹೊರಗೆ ತೆಗೆದಳು. ಸುಧಾರಣಾ ಸಮಿತಿಯಲ್ಲಿ ಅವರು ಹಟ ಹಿಡಿದು ಒಂದು ನಿರ್ಣಯ ಮಾಡಿಸಿದ್ದಾರೆ. ವಿಶ್ವವಿದ್ಯಾಲಯ ಇನ್ನು ಮೇಲೆ ಕಾರ್ಮಿಕರಿಗೂ ಗೃಹಿಣಿಯರಿಗೂ ತೆರೆದಿರುತ್ತದೆ, ಪರೀಕ್ಷೆ ಬೇಡ, ಬಂದು ಕೂತರಾಯಿತು. ಮೊದಲ ಗೃಹಿಣಿಯ ಜಾಗ ನನಗೇ ಮೀಸಲು.

"ಎಲ್ಲಿ ಕೂರ್ಬೇಕು?" ಎಂದೆ.

"ಮಂಗಳವಾರ, ಎದ್ಮೊಂ ತರಗತೀಲಿ," ಎಂದಳು. "ಚರಿತ್ರೆ ಅಲ್ವಾ ನಿನಗೆ ಇಷ್ಟ?"

ನಿಮ್ಮಪ್ಪ ಲೋಟ ಕೆಳಗಿಟ್ಟು ದೊಡ್ಡ ಮನಸ್ಸಿನಿಂದ, "ಬಾ ಸೊಲಾಂಜ್, ನನಗೇನೂ ಅಡ್ಡಿ ಇಲ್ಲ," ಎಂದರು. ನಾನು ಟೈಪು ಮಾಡಿದ ಪುಟಗಳನ್ನು ಅವರ ಬಾಯಿಂದ ಕೇಳಲು ನಾನು ಹೋಗಬೇಕು, ಮೊದಲ ಸಾಲಿನಲ್ಲಿ, ಮುಕ್ತಳಾಗಿ.

ಎದ್ದು ಸಾರಿನ ಕೆಳಗೆ ಉರಿ ಕಮ್ಮಿ ಮಾಡಿದೆ. "ಮಂಗಳವಾರ ನನಗೆ ಪುರುಸೊತ್ತಿಲ್ಲ," ಎಂದೆ. "ನೀವು ಮೂರೂ ಜನ ಒಳ್ಳೆ ಮಕ್ಕಳು. ಇಲ್ಲಿ ತಿಂದದ್ದು ಮೈಗೆ ಹತ್ತಲಿ. ಇನ್ನು ಹೊರಡಿ, ನಾನು ಬಿಡುಗಡೆ ಆಗಿ ತುಂಬ ಹೊತ್ತಾಯ್ತು." ಜೆರ್ವೇ ಕೆಂಪಾದ. ಸಬೀನ್ ಮೆಟ್ಟಿಲಿಳಿಯುವಾಗ "ಅವಳಿಗೆ ಇನ್ನೂ ಅರಿವು ಮೂಡಿಲ್ಲ" ಎಂದದ್ದು ಕೇಳಿಸಿತು. ಪಾಪ, ಅವಳಿಗೆ ಪಿಸುಮಾತು ಬರುವುದಿಲ್ಲ, ಅವಳಪ್ಪನೂ ಗಿರಾಕಿಗಳ ಕಾಯಿಲೆಯನ್ನು ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ.

ಕ್ರಿಸ್‌ಮಸ್‌ಗೆ ಇಬ್ಬರು ಸಂಗಾತಿಗಳನ್ನು ಕರೆದುಕೊಂಡು ಬರಲೇ ಎಂದು ಕೇಳಿದ್ದೀಯ. ಬೇಡ. ಒಬ್ಬಳೇ ಬಾ. ನಿನ್ನ ಕೋಣೆಗೆ ಹೊಸ ಪರದೆ ಹೊಲಿದಿದ್ದೇನೆ, ಹಳೆಯದನ್ನು ಹುಳ ತಿಂದಿತ್ತು. ಸಂಗತಿ ಹುಡುಕಲು ಬರುವುದಾದರೆ ಮಾತ್ರ 'ಬರುವುದಿಲ್ಲ' ಎಂದು ಒಂದು ಸಾಲು ಬರೆದುಬಿಡು. ನಾನು ತಾಳಿಕೊಳ್ಳುತ್ತೇನೆ, ಅದಕ್ಕೆ ನನಗೆ ಅಚ್ಚಾದ ಪ್ರಮಾಣಪತ್ರವಿದೆ, ನಿಮ್ಮಪ್ಪನ ಪುಸ್ತಕದ ಮುನ್ನುಡಿಯಲ್ಲಿ.

ದೇವಮಾತೆ ನಿನ್ನ ಮೇಲೆ ತನ್ನ ಸೆರಗು ಹೊದಿಸಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಷ್ಟೇ ಕೋಪವಿದ್ದರೂ ದಿನವೂ ಮಲಗುವ ಮುಂಚೆ ನಿನ್ನ ಹೆಸರು ಹೇಳಿ ಹಣೆಗೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತೇನೆ. ಅದು ಇವತ್ತೂ ತಪ್ಪಿಲ್ಲ.

ನಿನ್ನ ಅಮ್ಮ,
ಸೊಲಾಂಜ್

ಮರೆತ ಮಾತು: ಆ ದಿನದ್ದು ಇನ್ನೂ ಸ್ವಲ್ಪ ಉಳಿದಿದೆ. ಬರೆಯಬಾರದು ಎಂದುಕೊಂಡಿದ್ದೆ. ಲಕೋಟೆ ಅಂಟಿಸಲು ಹೋಗಿ ಮತ್ತೆ ತೆಗೆದೆ.

ಉಳಿದಿಬ್ಬರೂ ಕೆಳಗಿಳಿದ ಮೇಲೆ ಬೆರ್ತ್ರಾಂ ಬಾಗಿಲಲ್ಲೇ ಉಳಿದ, ಬೂಟಿನ ದಾರ ಕಟ್ಟಿಕೊಳ್ಳುತ್ತಾ. ಕಟ್ಟಿ ಮುಗಿದ ಮೇಲೂ ಏಳಲಿಲ್ಲ. ತಲೆ ಎತ್ತದೆ, "ಮೇಡಂ, ಒಂದು ಕೇಳ್ಲಾ? ನಿಮ್ಮ ಪ್ರಬಂಧ ಯಾವುದರ ಬಗ್ಗೆ ಇತ್ತು?" ಎಂದ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಈ ಪ್ರಶ್ನೆಯನ್ನು ನನಗೆ 1946ರ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ, ಅದಾದ ಮೇಲೂ ಯಾರೂ ಕೇಳಿಲ್ಲ. ಹೇಳಿದೆ. ಏಳು ಶತಮಾನಗಳ ಹಿಂದೆ ಪ್ಯಾರಿಸ್ಸಿನಲ್ಲಿ, ಉಪವಾಸ ಕಾಲಕ್ಕೆ ಮುಂಚಿನ ಹಬ್ಬದಲ್ಲಿ, ಒಂದು ಹೆಂಡದಂಗಡಿಯ ಜಗಳ ದೊಡ್ಡದಾಗಿ ಕಾವಲಿನವರು ವಿದ್ಯಾರ್ಥಿಗಳನ್ನು ಕೊಂದರು. ಮೇಷ್ಟ್ರೂ ವಿದ್ಯಾರ್ಥಿಗಳೂ ಒಟ್ಟಾಗಿ ಪಾಠ ನಿಲ್ಲಿಸಿ, ನಗರವನ್ನೇ ಬಿಟ್ಟು ನಡೆದರು. ಎರಡು ವರ್ಷ ತಿರುಗಿ ಬರಲಿಲ್ಲ; ಕೊನೆಗೆ ಪೋಪರೇ ಅವರ ಹಕ್ಕನ್ನು ಒಪ್ಪಬೇಕಾಯಿತು. ಹೊರಟವರ ಹೆಸರು ಎಲ್ಲರೂ ಬರೆದಿದ್ದಾರೆ. ನಾನು ಹುಡುಕುತ್ತಿದ್ದದ್ದು ಅವರನ್ನು ಮನೆಯೊಳಗೆ ಕರೆದುಕೊಂಡ ಊರುಗಳ ಜನರನ್ನು. ಯಾರು ಹಾಸಿಗೆ ಕೊಟ್ಟರು, ಯಾರು ಬ್ರೆಡ್ಡು ಬೇಯಿಸಿದರು, ಅವರ ಅಂಗಿ ಒಗೆದವರು ಯಾರು. ಮಾತು ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ ನನಗೆ. ಸಾರು ತಳ ಹಿಡಿಯಿತು. ಅವನು ಕೆಳಗಿನ ಮೆಟ್ಟಿಲ ಮೇಲೆ ಮೊಣಕಾಲಿಗೆ ಗಲ್ಲ ಊರಿ ಕೇಳುತ್ತಲೇ ಇದ್ದ.

"ಹಾಗಾದ್ರೆ ಮೇ ತಿಂಗಳಲ್ಲಿ ನಾವು ಮೊದಲಿನವರಾಗಿರ್ಲಿಲ್ವಾ?" ಎಂದ.

"ಇಲ್ಲಪ್ಪ."

ನಕ್ಕ. ಆಮೇಲೆ ಏಳುತ್ತಾ, ಯಾವ ಕೆಟ್ಟ ಮನಸ್ಸೂ ಇಲ್ಲದೆ, "ಬ್ಲಾಂದಿನ್ ಇದನ್ನ ಹೇಳ್ಲೇ ಇಲ್ಲ. ಒಂದು ಪ್ರಬಂಧ ಇತ್ತು ಅಂತಷ್ಟೇ ಹೇಳಿದ್ಲು," ಎಂದ.

ಅವನ ಮುಂದೆ ನಿನ್ನನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ, ಮಗಳೇ. ಅವಳಿಗೆ ಎಲ್ಲ ಗೊತ್ತಪ್ಪ, ಅಷ್ಟು ಜನರ ಮುಂದೆ ಮರೆತುಹೋಗಿರಬೇಕು ಎಂದು ಸುಳ್ಳು ಹೇಳಿದೆ. ಆ ದಿನ ಬೆಂಚಿನಲ್ಲಿ ನೀನು ಕಣ್ಣೊರೆಸಿಕೊಂಡು ಎದ್ದು ಕೂತೆಯಲ್ಲ, ಯಾವುದರ ಬಗ್ಗೆ ಎಂದು ಕೇಳುತ್ತೀಯೇನೋ ಅಂತ ನಾನು ಸ್ವಲ್ಪ ಹೊತ್ತು ಕಾದಿದ್ದೆ. ಮನೆಗೆ ಹೋಗೋಣ, ಹಸಿವಾಗ್ತಿದೆ ಎಂದೆ ನೀನು.